ಕರ್ನಾಟಕ ಕ್ರಿಕೆಟ್‌ನಲ್ಲಿ ವಿಕೆಟ್‌ಕೀಪರ್-ದಾಂಡಿಗ

ವಿಕೆಟ್‌ಕೀಪರ್-ದಾಂಡಿಗ ಎಂದರೆ ಕ್ರಿಕೆಟ್ ತಂಡದಲ್ಲಿ ಗೂಟಗಳ ಹಿಂದೆ ನಿಂತು ಚೆಂಡು ಹಿಡಿಯುವ ಹೊಣೆಯನ್ನೂ, ಪ್ರಮುಖ ದಾಂಡಿಗನಾಗಿ ಓಟ ಗಳಿಸುವ ಹೊಣೆಯನ್ನೂ ಒಟ್ಟಿಗೆ ಹೊರುವ ಆಟಗಾರ. ಹನ್ನೊಂದು ಮಂದಿಯ ತಂಡದಲ್ಲಿ ಒಬ್ಬನೇ ಎರಡು ಸ್ಥಾನಗಳ ಕೆಲಸವನ್ನು ನಿರ್ವಹಿಸಿದರೆ ಇನ್ನೊಂದು ಸ್ಥಾನ ತೆರವಾಗುತ್ತದೆ. ಆ ಸ್ಥಾನಕ್ಕೆ ಇನ್ನೊಬ್ಬ ದಾಂಡಿಗನನ್ನೋ ಬೌಲರನನ್ನೋ ಸೇರಿಸಿಕೊಳ್ಳಬಹುದು. ಈ ಸರಳ ಲೆಕ್ಕಾಚಾರವೇ ಈ ಪಾತ್ರದ ಮಹತ್ವಕ್ಕೆ ಮೂಲ. ಭಾರತ ತಂಡಕ್ಕೆ ಇಂತಹ ಆಟಗಾರರನ್ನು ನೀಡಿದ ರಾಜ್ಯಗಳಲ್ಲಿ ಕರ್ನಾಟಕಕ್ಕೆ ವಿಶಿಷ್ಟ ಸ್ಥಾನವಿದೆ. ಮೂಲ್ಕಿಯಲ್ಲಿ ಜನಿಸಿದ ಬುಧಿ ಕುಂದರನ್, ಸೈಯದ್ ಕಿರ್ಮಾನಿ, ಸದಾನಂದ ವಿಶ್ವನಾಥ್, ರಾಹುಲ್ ದ್ರಾವಿಡ್, ಕೆ. ಎಲ್. ರಾಹುಲ್ ಮತ್ತು ಮಹಿಳಾ ತಂಡದ ಕರುಣಾ ಜೈನ್ ಈ ಸಾಲಿನಲ್ಲಿ ಬರುವ ಪ್ರಮುಖರು.

ಪದಬಳಕೆ

ಕನ್ನಡ ಪತ್ರಿಕೆಗಳ ಕ್ರೀಡಾಪುಟಗಳು ಬ್ಯಾಟ್ಸ್‌ಮನ್‌ಗೆ ದಾಂಡಿಗ ಎಂದೂ ವಿಕೆಟ್‌ಗೆ ಹುದ್ದರಿ ಎಂದೂ ಬರೆಯುವುದುಂಟು. ಆದರೆ ವಿಕೆಟ್‌ಕೀಪರ್ ಎಂಬ ಪದವೇ ಜನರ ಬಾಯಲ್ಲಿ ಉಳಿದಿದೆ. ಆಡುಮಾತಿನಲ್ಲಿ ಅದು ಬರಿಯ 'ಕೀಪರ್' ಆಗಿದೆ. ಬ್ಯಾಟಿಂಗ್ ಹಾಗೂ ಬೌಲಿಂಗ್ ಎರಡನ್ನೂ ಬಲ್ಲವನನ್ನು ಆಲ್‌ರೌಂಡರ್ ಎಂದು ಕರೆಯಲಾಗುತ್ತದೆ. ಕೀಪಿಂಗ್ ಮತ್ತು ಬ್ಯಾಟಿಂಗ್ ಎರಡನ್ನೂ ನಿರ್ವಹಿಸುವವನು ತತ್ತ್ವತಃ ಆಲ್‌ರೌಂಡರನೇ ಆದರೂ ರೂಢಿಯಲ್ಲಿ ಆ ಹೆಸರು ಅವನಿಗೆ ಸಲ್ಲುವುದಿಲ್ಲ.

ಪಾತ್ರದ ಸ್ವರೂಪ

ಕ್ಷೇತ್ರರಕ್ಷಣೆ ಮಾಡುವ ತಂಡದಲ್ಲಿ ಕೈಗವಸು ಹಾಗೂ ಹೊರಕ್ಕೆ ಕಾಣುವ ಕಾಲುರಕ್ಷೆ ಧರಿಸಲು ನಿಯಮದ ಅನುಮತಿ ಇರುವುದು ವಿಕೆಟ್‌ಕೀಪರ್‌ಗೆ ಮಾತ್ರ. ವೇಗದ ಬೌಲರ್ ಎಸೆಯುವಾಗ ಅವನು ಗೂಟಗಳಿಂದ ಬಹಳ ಹಿಂದೆ ನಿಲ್ಲುತ್ತಾನೆ. ಸ್ಪಿನ್ ಬೌಲರ್ ಬಂದಾಗ ಗೂಟಗಳಿಗೆ ಅಂಟಿಕೊಂಡಂತೆ ಕುಳಿತಿರುತ್ತಾನೆ. ನಿಜವಾದ ಪರೀಕ್ಷೆ ಇರುವುದು ಎರಡನೆಯದರಲ್ಲಿ. ದಾಂಡಿಗನ ದೇಹ ಚೆಂಡನ್ನು ಮರೆಮಾಡಿರುತ್ತದೆ, ಚೆಂಡು ಯಾವ ಕಡೆ ತಿರುಗುವುದೆಂಬುದನ್ನು ಬೌಲರನ ಕೈಯನ್ನು ನೋಡಿಯೇ ಊಹಿಸಬೇಕು, ದಾಂಡಿಗನ ಕಾಲು ಗೆರೆಯಿಂದ ಮೇಲೆದ್ದ ಕ್ಷಣದಲ್ಲಿ ಬೇಲ್ ಹಾರಿಸಬೇಕು. ಟೆಸ್ಟ್ ಪಂದ್ಯದ ಒಂದು ದಿನದಲ್ಲಿ 90 ಓವರ್ ನಡೆದರೆ ಕೀಪರ್ 540 ಬಾರಿ ಕುಳಿತು ಏಳಬೇಕಾಗುತ್ತದೆ. ಅಷ್ಟೂ ಬಾರಿ ಚೆಂಡು ತನ್ನತ್ತಲೇ ಬರುತ್ತದೆಂದು ಭಾವಿಸಿಯೇ ಅವನು ಸಿದ್ಧನಾಗಿರಬೇಕು.

ಅಪಾಯವೂ ಕಡಿಮೆಯಲ್ಲ. 2000ದ ಏಷ್ಯಾ ಕಪ್‌ನಲ್ಲಿ ಢಾಕಾದಲ್ಲಿ ಅನಿಲ್ ಕುಂಬ್ಳೆಯವರ ಎಸೆತಕ್ಕೆ ಗೂಟದ ಬಳಿ ನಿಂತಿದ್ದ ಸಬಾ ಕರೀಂ ಅವರ ಬಲಗಣ್ಣಿಗೆ ಚೆಂಡು ಬಡಿದು ತೀವ್ರ ಗಾಯವಾಯಿತು. ಆ ಗಾಯ ಅವರ ಕ್ರೀಡಾಜೀವನವನ್ನೇ ಮೊಟಕುಗೊಳಿಸಿತು. 2012ರಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್ ಹಾರಿಬಂದ ಬೇಲ್ ಕಣ್ಣಿಗೆ ತಗುಲಿ ಆಟದಿಂದಲೇ ನಿವೃತ್ತರಾದರು.

ಇಷ್ಟು ದಣಿವಿನ ಕೆಲಸ ಮುಗಿಸಿದ ಬಳಿಕ ಅದೇ ವ್ಯಕ್ತಿ ದಾಂಡು ಹಿಡಿದು ಮೇಲಿನ ಕ್ರಮಾಂಕದಲ್ಲಿ ಆಡುವುದು ಸುಲಭವಲ್ಲ ಎಂಬುದಕ್ಕೆ ಶ್ರೀಲಂಕಾದ ಕುಮಾರ ಸಂಗಕ್ಕಾರ ಅವರ ಅಂಕಿಗಳೇ ಸಾಕ್ಷಿ. ಟೆಸ್ಟ್‌ಗಳಲ್ಲಿ ಕೀಪರ್ ಆಗಿದ್ದಾಗ ಅವರ ಸರಾಸರಿ 40ರ ಆಸುಪಾಸಿನಲ್ಲಿತ್ತು. ಕೈಗವಸು ಕಳಚಿಟ್ಟು ಆಡಿದ ಪಂದ್ಯಗಳಲ್ಲಿ ಅದು 66ನ್ನು ದಾಟಿತು. ಇದಕ್ಕೆ ಅಪವಾದವೆಂಬಂತೆ ಆಸ್ಟ್ರೇಲಿಯಾದ ಆಡಂ ಗಿಲ್‌ಕ್ರಿಸ್ಟ್ 96 ಟೆಸ್ಟ್‌ಗಳಲ್ಲಿ 17 ಶತಕಗಳೊಂದಿಗೆ 47.60ರ ಸರಾಸರಿ ಕಾಯ್ದುಕೊಂಡರು. ಗಿಲ್‌ಕ್ರಿಸ್ಟ್ ಅವರ ಯಶಸ್ಸಿನ ನಂತರ ಎಲ್ಲ ದೇಶಗಳ ಆಯ್ಕೆಗಾರರೂ ಅಂತಹ ಒಬ್ಬನನ್ನು ಹುಡುಕತೊಡಗಿದರು. ಚೆನ್ನಾಗಿ ಚೆಂಡು ಹಿಡಿಯಬಲ್ಲ, ಆದರೆ 20 ಓಟಕ್ಕೆ ಔಟಾಗುವ ಅಪ್ಪಟ ಕೀಪರನ ಕಾಲ ಅಲ್ಲಿಗೆ ಮುಗಿಯಿತೆಂದೇ ಹೇಳಬೇಕು. ಕೈತಪ್ಪಿದ ಕ್ಯಾಚಿನಿಂದ ಎದುರಾಳಿ ಗಳಿಸಿದ ಓಟಗಳು ಯಾರ ಸರಾಸರಿಯಲ್ಲಿಯೂ ದಾಖಲಾಗುವುದಿಲ್ಲ; ಆದ್ದರಿಂದ ಈ ಬದಲಾವಣೆಯ ನಿಜವಾದ ಬೆಲೆ ಎಷ್ಟೆಂದು ಅಳೆಯುವುದು ಕಷ್ಟ.

ದಾವಣಗೆರೆ, ಹರಿಹರ, ಮಾಯಕೊಂಡದ ಕಡೆಯ ಶಾಲಾ ಮೈದಾನಗಳಲ್ಲಿ ಟೆನಿಸ್ ಚೆಂಡಿನಿಂದ ಆಡುವ ಹುಡುಗರು ಈ ವಿಚಾರದಲ್ಲಿ ತದ್ವಿರುದ್ಧ ಪದ್ಧತಿಯನ್ನು ಅನುಸರಿಸುವುದನ್ನು ಕಾಣಬಹುದು. ಬ್ಯಾಟಿಂಗೂ ಬೌಲಿಂಗೂ ಬಾರದ, ಓಡಲು ಆಲಸಿಯಾದ ಹುಡುಗನನ್ನು ಗೂಟದ ಹಿಂದೆ ನಿಲ್ಲಿಸುವುದೇ ಅಲ್ಲಿನ ವಾಡಿಕೆ. ಚರ್ಮದ ಚೆಂಡಿಗೆ ಬಂದೊಡನೆ ಈ ಏರ್ಪಾಡು ತಲೆಕೆಳಗಾಗುತ್ತದೆ.

ಬುಧಿ ಕುಂದರನ್

ಬುಧಿಸಾಗರ ಕೃಷ್ಣಪ್ಪ ಕುಂದರನ್ 1939ರ ಅಕ್ಟೋಬರ್ 2ರಂದು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಜನಿಸಿದರು. ರಣಜಿ ಟ್ರೋಫಿಯಲ್ಲಿ ಒಂದೂ ಪಂದ್ಯ ಆಡುವ ಮೊದಲೇ, 1960ರ ಜನವರಿಯಲ್ಲಿ ಮುಂಬಯಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್‌ಗೆ ಪದಾರ್ಪಣೆ ಮಾಡಿದ ಅಪರೂಪದ ಆಟಗಾರ ಇವರು. ಅನಂತರ ರೈಲ್ವೇಸ್ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ದ್ವಿಶತಕ ಬಾರಿಸಿದರು. ಮುಂದೆ ಮೈಸೂರು ತಂಡಕ್ಕೂ ಆಡಿದರು.

ಅವರ ಹೆಸರು ಶಾಶ್ವತವಾದದ್ದು 1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮದರಾಸಿನಲ್ಲಿ ನಡೆದ ಟೆಸ್ಟ್‌ನಿಂದ. ಆರಂಭಿಕನಾಗಿ ಇಳಿದ ಅವರು ಮೊದಲ ದಿನದ ಕೊನೆಗೆ 170 ಓಟ ಗಳಿಸಿ ಅಜೇಯರಾಗಿದ್ದರು. ಮರುದಿನ 192ಕ್ಕೆ ಔಟಾದರು. ಭಾರತದ ವಿಕೆಟ್‌ಕೀಪರ್ ಒಬ್ಬರು ಟೆಸ್ಟ್ ಇನ್ನಿಂಗ್ಸ್‌ನಲ್ಲಿ ಗಳಿಸಿದ ಅತ್ಯಧಿಕ ಮೊತ್ತವೆಂಬ ದಾಖಲೆಯಾಗಿ ಅದು 49 ವರ್ಷ ಉಳಿಯಿತು. 2013ರಲ್ಲಿ ಅದೇ ನಗರದಲ್ಲಿ, ಬೇರೊಂದು ಮೈದಾನದಲ್ಲಿ, ಮಹೇಂದ್ರಸಿಂಗ್ ಧೋನಿ 224 ಗಳಿಸಿ ಆ ದಾಖಲೆಯನ್ನು ಮುರಿದರು. ಅದೇ ಸರಣಿಯ ದೆಹಲಿ ಟೆಸ್ಟ್‌ನಲ್ಲಿ ಕುಂದರನ್ ಮತ್ತೊಂದು ಶತಕ ಹೊಡೆದು ಒಟ್ಟು 525 ಓಟ ಕಲೆಹಾಕಿದರು.

ಇಷ್ಟಾದರೂ ತಂಡದಲ್ಲಿ ಅವರ ಸ್ಥಾನ ಭದ್ರವಾಗಲಿಲ್ಲ. ಎದುರಿಗೆ ಫಾರೂಕ್ ಇಂಜಿನಿಯರ್ ಇದ್ದರು. ಅವರೂ ಕೀಪರ್, ಅವರೂ ಬಿರುಸಿನ ದಾಂಡಿಗ. ಒಂದು ಜೊತೆ ಕೈಗವಸಿಗೆ ಇಬ್ಬರು ಹಕ್ಕುದಾರರಿದ್ದ ಕಾಲವದು. ಕೆಲವೊಮ್ಮೆ ಇಬ್ಬರನ್ನೂ ಆಡಿಸಿ ಕುಂದರನ್ ಅವರನ್ನು ಕೇವಲ ದಾಂಡಿಗನಾಗಿ ಬಳಸಲಾಯಿತು. 1967ರ ಬರ್ಮಿಂಗ್‌ಹ್ಯಾಮ್ ಟೆಸ್ಟ್‌ನಲ್ಲಂತೂ ಅವರು ಬ್ಯಾಟಿಂಗ್ ಆರಂಭಿಸಿದ್ದಲ್ಲದೆ ಹೊಸ ಚೆಂಡಿನಿಂದ ಬೌಲಿಂಗನ್ನೂ ಆರಂಭಿಸಿದರು. ಎಲ್ಲ ಕೆಲಸಕ್ಕೂ ಒದಗುವವನಿಗೆ ತನ್ನದೇ ಎಂಬ ಒಂದು ಕೆಲಸ ಉಳಿಯದಿರುವುದು ಈ ಪಾತ್ರಕ್ಕೆ ಅಂಟಿಕೊಂಡ ಕಷ್ಟ. ಕುಂದರನ್ ಅದಕ್ಕೆ ಮೊದಲ ಉದಾಹರಣೆ. ಒಟ್ಟು 18 ಟೆಸ್ಟ್‌ಗಳಲ್ಲಿ ಅವರು 981 ಓಟ ಗಳಿಸಿದರು. ಸರಾಸರಿ 32.70, ಆ ಕಾಲದ ಕೀಪರ್‌ಗೆ ಉತ್ತಮವೇ. ಮುಂದೆ ಸ್ಕಾಟ್ಲೆಂಡಿನಲ್ಲಿ ನೆಲೆಸಿ ಅಲ್ಲಿನ ತಂಡಕ್ಕೂ ಆಡಿದರು. 2006ರಲ್ಲಿ ಗ್ಲಾಸ್ಗೋದಲ್ಲಿ ನಿಧನರಾದರು.

ಸೈಯದ್ ಕಿರ್ಮಾನಿ

ಸೈಯದ್ ಮುಜ್ತಬಾ ಹುಸೇನ್ ಕಿರ್ಮಾನಿ 1949ರ ಡಿಸೆಂಬರ್ 29ರಂದು ಮದರಾಸಿನಲ್ಲಿ ಜನಿಸಿದರೂ ಅವರ ಕ್ರಿಕೆಟ್ ಬೆಳೆದದ್ದು ಬೆಂಗಳೂರಿನಲ್ಲಿ. 1971 ಹಾಗೂ 1974ರ ಇಂಗ್ಲೆಂಡ್ ಪ್ರವಾಸಗಳಲ್ಲಿ ಇಂಜಿನಿಯರ್ ಅವರ ಹಿಂದೆ ಕಾಯ್ದಿರಿಸಿದ ಆಟಗಾರನಾಗಿ ಹೋಗಿಬಂದರು. ಟೆಸ್ಟ್ ಆಡುವ ಅವಕಾಶ ದೊರೆತದ್ದು 1976ರ ಜನವರಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ಎರಡನೆಯ ಟೆಸ್ಟ್‌ನಲ್ಲಿಯೇ ಒಂದು ಇನ್ನಿಂಗ್ಸ್‌ನಲ್ಲಿ ಆರು ಮಂದಿಯನ್ನು ಔಟ್ ಮಾಡಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು.

ಅವರ ಕೀಪಿಂಗನ್ನು ತೂಗುವಾಗ ಬೌಲರುಗಳು ಯಾರೆಂಬುದನ್ನು ಮರೆಯಲಾಗದು. ರಾಜ್ಯ ತಂಡದಲ್ಲಿ ಎರಾಪಳ್ಳಿ ಪ್ರಸನ್ನ ಮತ್ತು ಬಿ. ಎಸ್. ಚಂದ್ರಶೇಖರ್, ಭಾರತ ತಂಡದಲ್ಲಿ ಇವರ ಜೊತೆಗೆ ಬಿಷನ್ ಸಿಂಗ್ ಬೇಡಿ ಮತ್ತು ವೆಂಕಟರಾಘವನ್. ಪ್ರಸನ್ನರ ಎಸೆತ ಗಾಳಿಯಲ್ಲಿ ತೇಲಿ ದಾಂಡಿಗನನ್ನು ಮುಂದಕ್ಕೆಳೆಯುತ್ತಿತ್ತು. ಪೋಲಿಯೋದಿಂದ ಸೊರಗಿದ್ದ ಬಲಗೈಯಿಂದ ಚಂದ್ರಶೇಖರ್ ಎಸೆಯುತ್ತಿದ್ದ ಲೆಗ್‌ಸ್ಪಿನ್, ಗೂಗ್ಲಿಗಳು ಮಧ್ಯಮವೇಗದ ಬೌಲರನ ಚೆಂಡಿನಷ್ಟೇ ರಭಸದಿಂದ ಬರುತ್ತಿದ್ದವು. ಒಂದೇ ಓವರಿನ ಅಂತರದಲ್ಲಿ ಈ ಎರಡು ಬಗೆಗಳಿಗೂ ಹೊಂದಿಕೊಳ್ಳಬೇಕಿತ್ತು. 1973-74ರಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕವು ಮುಂಬಯಿಯ ಹದಿನೈದು ವರ್ಷಗಳ ಏಕಚಕ್ರಾಧಿಪತ್ಯವನ್ನು ಕೊನೆಗೊಳಿಸಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದ ಯಶಸ್ಸಿನಲ್ಲಿ ಗೂಟದ ಹಿಂದಿನ ಈ ಕೈಗಳಿಗೂ ಪಾಲಿದೆ. 1981-82ರಲ್ಲಿ ಇಂಗ್ಲೆಂಡ್ ವಿರುದ್ಧದ ಸರಣಿಯಲ್ಲಿ ಸತತ ಮೂರು ಟೆಸ್ಟ್‌ಗಳಲ್ಲಿ ಅವರು ಒಂದೂ ಬೈ ಓಟ ಬಿಟ್ಟುಕೊಡಲಿಲ್ಲ.

ದಾಂಡಿಗನಾಗಿ ಕಿರ್ಮಾನಿ ಕುಂದರನ್‌ರಂತೆ ಅಬ್ಬರಿಸುವವರಲ್ಲ. ಮೇಲಿನವರು ಕುಸಿದಾಗ ಕೆಳಗಿನ ಕ್ರಮಾಂಕವನ್ನು ಹಿಡಿದು ನಿಲ್ಲಿಸುವುದು ಅವರ ವಿಶೇಷ. 1979ರ ವಿಶ್ವಕಪ್ ಮತ್ತು ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಕೈಬಿಟ್ಟು ಭರತ್ ರೆಡ್ಡಿಯವರನ್ನು ಆರಿಸಲಾಗಿತ್ತು. ಅದೇ ವರ್ಷದ ಕೊನೆಯಲ್ಲಿ ತಂಡಕ್ಕೆ ಮರಳಿದ ಕಿರ್ಮಾನಿ ಮುಂಬಯಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಸಂಜೆಯ ಹೊತ್ತಿನ ಕಾವಲುಗಾರನಾಗಿ, ಅಂದರೆ ಪ್ರಮುಖ ದಾಂಡಿಗನನ್ನು ಉಳಿಸಲು ಮುಂದಾಗಿ ಕಳುಹಿಸಲಾಗುವ 'ನೈಟ್ ವಾಚ್‌ಮನ್' ಆಗಿ ಇಳಿದು ಅಜೇಯ 101 ಗಳಿಸಿದರು. 1983ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಸುನಿಲ್ ಗಾವಸ್ಕರ್ ಅಜೇಯ 236 ಗಳಿಸಿದಾಗ ಒಂಬತ್ತನೆಯ ವಿಕೆಟ್‌ಗೆ ಮುರಿಯದ 143 ಓಟಗಳ ಜೊತೆಯಾಟದಲ್ಲಿ ಇನ್ನೊಂದು ತುದಿಯಲ್ಲಿದ್ದವರು ಅಜೇಯ 63 ಗಳಿಸಿದ ಕಿರ್ಮಾನಿ. 1984ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ರವಿ ಶಾಸ್ತ್ರಿಯವರೊಂದಿಗೆ ಏಳನೆಯ ವಿಕೆಟ್‌ಗೆ 235 ಓಟ ಸೇರಿಸಿ ತಮ್ಮ ಎರಡನೆಯ ಶತಕ ದಾಖಲಿಸಿದರು.

ಆದರೆ ಅತಿ ಹೆಚ್ಚು ಜನ ನೆನೆಯುವುದು ಅವರು ಗಳಿಸಿದ 24 ಓಟಗಳನ್ನು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಎಂಟನೆಯ ವಿಕೆಟ್ 140ಕ್ಕೆ ಬಿದ್ದಾಗ ಕಿರ್ಮಾನಿ ಕ್ರೀಸಿಗೆ ಬಂದರು. ಅಲ್ಲಿಂದ ಕಪಿಲ್ ದೇವ್ ಜೊತೆಗೂಡಿ ಮುರಿಯದ ಒಂಬತ್ತನೆಯ ವಿಕೆಟ್‌ಗೆ 126 ಓಟ ಬಂದವು. ಕಪಿಲ್ ಅಜೇಯ 175, ಕಿರ್ಮಾನಿ ಅಜೇಯ 24, ತಂಡದ ಮೊತ್ತ 266. ಗೆಲುವಿನ ಅಂತರ 31 ಓಟ. ಕೀಪರ್‌ಗೆ ದಾಂಡು ಹಿಡಿಯಲು ಬಾರದಿದ್ದರೆ ಆ ದಿನ ಭಾರತ ಸೋಲುತ್ತಿತ್ತು. ಇದೇ ಎದುರಾಳಿಯ ವಿರುದ್ಧ ಅದಕ್ಕೆ ಒಂದು ವಾರ ಮೊದಲು ಲೀಸ್ಟರ್‌ನಲ್ಲಿ ಅವರು ಐದು ಕ್ಯಾಚ್ ಹಿಡಿದಿದ್ದರು. ಆ ವಿಶ್ವಕಪ್ಪಿನ ಅತ್ಯುತ್ತಮ ವಿಕೆಟ್‌ಕೀಪರ್ ಎಂಬ ಗೌರವ ಅವರಿಗೆ ಸಂದಿತು.

88 ಟೆಸ್ಟ್‌ಗಳಲ್ಲಿ ಅವರದು 2,759 ಓಟ, 160 ಕ್ಯಾಚ್, 38 ಸ್ಟಂಪಿಂಗ್. 1982ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ಸದಾನಂದ ವಿಶ್ವನಾಥ್

ಕಿರ್ಮಾನಿಯವರ ಬಳಿಕ ಅದೇ ರಾಜ್ಯದಿಂದ ಬಂದ ಸದಾನಂದ ವಿಶ್ವನಾಥ್ 1985ರಲ್ಲಿ ಆಸ್ಟ್ರೇಲಿಯಾದಲ್ಲಿ ಭಾರತ ಗೆದ್ದ ವಿಶ್ವ ಚಾಂಪಿಯನ್‌ಶಿಪ್ ಪಂದ್ಯಾವಳಿಯಲ್ಲಿ ತಮ್ಮ ಚುರುಕಿನಿಂದ ಗಮನ ಸೆಳೆದರು. 3 ಟೆಸ್ಟ್, 22 ಏಕದಿನ ಪಂದ್ಯಗಳಿಗೆ ಅವರ ಅಂತಾರಾಷ್ಟ್ರೀಯ ಆಟ ಮುಗಿಯಿತು. ಅನಂತರ ಅಂಪೈರ್ ಆದರು. ಕೀಪರನಾಗಿ ಅವರಿಗಿದ್ದ ಪ್ರತಿಭೆಗೆ ಹೋಲಿಸಿದರೆ ಇದು ತೀರಾ ಅಲ್ಪ.

ರಾಹುಲ್ ದ್ರಾವಿಡ್ ಮತ್ತು 2003ರ ವಿಶ್ವಕಪ್

ಮೇಲಿನ ಮೂವರೂ ಮೊದಲು ಕೀಪರ್‌ಗಳು, ಆಮೇಲೆ ದಾಂಡಿಗರು. ರಾಹುಲ್ ದ್ರಾವಿಡ್ ಅವರ ವಿಚಾರ ಇದಕ್ಕೆ ವಿರುದ್ಧ. ಶಾಲಾದಿನಗಳಲ್ಲಿ ಕೀಪಿಂಗ್ ಮಾಡುತ್ತಿದ್ದ ಅವರು ಹಿರಿಯ ಆಟಗಾರರ ಸಲಹೆಯ ಮೇರೆಗೆ ಅದನ್ನು ಬಿಟ್ಟು ಬ್ಯಾಟಿಂಗಿನಲ್ಲಿ ಪೂರ್ಣ ಮನಸ್ಸಿಟ್ಟಿದ್ದರು. 1999ರ ವಿಶ್ವಕಪ್‌ನಲ್ಲಿ ಟಾಂಟನ್‌ನಲ್ಲಿ ಶ್ರೀಲಂಕಾ ವಿರುದ್ಧ ಕೈಗವಸು ತೊಟ್ಟು ಆಡಿದ ಪಂದ್ಯದಲ್ಲಿ 145 ಗಳಿಸಿ, ಸೌರವ್ ಗಂಗೂಲಿಯವರೊಂದಿಗೆ 318 ಓಟಗಳ ಜೊತೆಯಾಟ ಕಟ್ಟಿದರು.

ನಯನ್ ಮೋಂಗಿಯಾ ಅವರ ನಂತರ ಭಾರತ ಸಬಾ ಕರೀಂ, ವಿಜಯ್ ದಹಿಯಾ, ಸಮೀರ್ ದಿಘೆ, ದೀಪ್ ದಾಸ್‌ಗುಪ್ತ, ಅಜಯ್ ರಾತ್ರಾ ಹೀಗೆ ಒಬ್ಬರಾದ ಮೇಲೊಬ್ಬರನ್ನು ಪರೀಕ್ಷಿಸಿ ನೋಡಿತು. ಯಾರೂ ನೆಲೆ ನಿಲ್ಲಲಿಲ್ಲ. 2002ರಿಂದ ಏಕದಿನ ಪಂದ್ಯಗಳಲ್ಲಿ ಈ ಹೊಣೆಯನ್ನು ದ್ರಾವಿಡ್ ಅವರಿಗೆ ವಹಿಸಲಾಯಿತು. ಇದರ ಲಾಭ 2003ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ನಲ್ಲಿ ಸ್ಪಷ್ಟವಾಗಿ ಕಂಡಿತು: ಸೆಹ್ವಾಗ್, ತೆಂಡೂಲ್ಕರ್, ಗಂಗೂಲಿ, ಕೈಫ್, ದ್ರಾವಿಡ್, ಯುವರಾಜ್, ದಿನೇಶ್ ಮೋಂಗಿಯಾ ಎಂಬ ಏಳು ಮಂದಿ ದಾಂಡಿಗರ ಬಳಿಕವೂ ನಾಲ್ವರು ಅಪ್ಪಟ ಬೌಲರುಗಳಿಗೆ ಜಾಗವಿತ್ತು. ತಂಡದಲ್ಲಿದ್ದ ಕೀಪರ್ ಪಾರ್ಥಿವ್ ಪಟೇಲ್‌ಗೆ ಒಂದು ಪಂದ್ಯವೂ ದೊರೆಯಲಿಲ್ಲ. ದ್ರಾವಿಡ್ ಆ ಪಂದ್ಯಾವಳಿಯಲ್ಲಿ 318 ಓಟ ಗಳಿಸಿದರು, 16 ಮಂದಿಯನ್ನು ಗೂಟದ ಹಿಂದೆ ಔಟ್ ಮಾಡಿದರು. ಭಾರತ ಫೈನಲ್ ತಲುಪಿ ಆಸ್ಟ್ರೇಲಿಯಾಕ್ಕೆ 125 ಓಟಗಳಿಂದ ಸೋತಿತು.

ಅಪ್ಪಟ ಕೀಪರ್ ಹಿಡಿಯಬಹುದಾಗಿದ್ದ ಕೆಲವು ಕ್ಯಾಚುಗಳು ಆ ಅವಧಿಯಲ್ಲಿ ತಪ್ಪಿದ್ದು ನಿಜ. ತಾವು ಬಯಸಿ ಪಡೆಯದ ಕೆಲಸವನ್ನು ದ್ರಾವಿಡ್ 73 ಏಕದಿನ ಪಂದ್ಯಗಳಲ್ಲಿ ಗೊಣಗದೆ ನಿರ್ವಹಿಸಿದರೆಂಬುದೂ ಅಷ್ಟೇ ನಿಜ. 2004ರ ಡಿಸೆಂಬರಿನಲ್ಲಿ ಧೋನಿ ಬಂದ ಮೇಲೆ ಈ ಏರ್ಪಾಡಿನ ಅಗತ್ಯ ಉಳಿಯಲಿಲ್ಲ.

ಕೆ. ಎಲ್. ರಾಹುಲ್

ಬೆಂಗಳೂರಿನಲ್ಲಿ 1992ರಲ್ಲಿ ಜನಿಸಿ ಸುರತ್ಕಲ್‌ನಲ್ಲಿ ಬೆಳೆದ ಕೆ. ಎಲ್. ರಾಹುಲ್ ಆರಂಭಿಕ ದಾಂಡಿಗರಾಗಿಯೇ ಹೆಸರು ಮಾಡಿದವರು. 2020ರ ಜನವರಿ 14ರಂದು ಮುಂಬಯಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡುವಾಗ ರಿಷಭ್ ಪಂತ್ ಅವರ ತಲೆಗೆ ಪೆಟ್ಟಾಯಿತು, ರಾಹುಲ್ ಕೈಗವಸು ತೊಟ್ಟರು. ಮೂರು ದಿನಗಳ ನಂತರ ರಾಜಕೋಟ್‌ನಲ್ಲಿ ಐದನೆಯ ಕ್ರಮಾಂಕದಲ್ಲಿ 52 ಎಸೆತಗಳಿಗೆ 80 ಗಳಿಸಿದರು. ಆಕಸ್ಮಿಕವಾಗಿ ಬಂದ ಕೆಲಸ ಕ್ರಮೇಣ ಕಾಯಂ ಆಯಿತು. ಮುಂದಿನ ತಿಂಗಳು ಮೌಂಟ್ ಮಾಂಗನೂಯಿಯಲ್ಲಿ ಗಳಿಸಿದ 112 ಓಟಗಳು, ದ್ರಾವಿಡ್ ಅವರ ಟಾಂಟನ್ ಶತಕದ ನಂತರ ಏಷ್ಯಾದ ಹೊರಗೆ ಏಕದಿನ ಪಂದ್ಯದಲ್ಲಿ ಭಾರತದ ಕೀಪರ್ ಹೊಡೆದ ಮೊದಲ ಶತಕ.

2023ರ ವಿಶ್ವಕಪ್‌ನಲ್ಲಿ ಭಾರತದ ಮೊದಲ ಪಂದ್ಯದಲ್ಲಿ ಚೆನ್ನೈನಲ್ಲಿ ಆಸ್ಟ್ರೇಲಿಯಾ ಐವತ್ತು ಓವರುಗಳಷ್ಟು ಹೊತ್ತು ಆಡಿತ್ತು. ಅಷ್ಟು ಹೊತ್ತು ಸೆಕೆಯಲ್ಲಿ ಗೂಟದ ಹಿಂದೆ ಕುಳಿತೆದ್ದಿದ್ದ ರಾಹುಲ್ ವಿಶ್ರಾಂತಿಗೆ ಕೂರುವಷ್ಟರಲ್ಲಿಯೇ ಭಾರತ 2 ಓಟಕ್ಕೆ 3 ವಿಕೆಟ್ ಕಳೆದುಕೊಂಡಿತು. ಕ್ರೀಸಿಗೆ ಧಾವಿಸಿ ವಿರಾಟ್ ಕೊಹ್ಲಿಯವರೊಂದಿಗೆ 165 ಓಟ ಸೇರಿಸಿ ಅಜೇಯ 97ರೊಂದಿಗೆ ಗೆಲ್ಲಿಸಿದರು. ಬೆಂಗಳೂರಿನಲ್ಲಿ ನೆದರ್ಲೆಂಡ್ಸ್ ವಿರುದ್ಧ 62 ಎಸೆತಗಳಲ್ಲಿ ಶತಕ ಮುಟ್ಟಿದರು. ಪಂದ್ಯಾವಳಿಯಲ್ಲಿ 452 ಓಟ, ಗೂಟದ ಹಿಂದೆ 17 ಬಲಿ. 2003ರಲ್ಲಿ ದ್ರಾವಿಡ್ ಸ್ಥಾಪಿಸಿದ್ದ 16 ಬಲಿಗಳ ಭಾರತೀಯ ದಾಖಲೆ ಹೀಗೆ ಮುರಿಯಿತು. ಆಗ ತಂಡದ ಮುಖ್ಯ ತರಬೇತುದಾರರಾಗಿದ್ದವರು ಸ್ವತಃ ದ್ರಾವಿಡ್. ಫೈನಲ್‌ನಲ್ಲಿ ಮಾತ್ರ 107 ಎಸೆತಗಳ ನಿಧಾನಗತಿಯ 66 ಓಟಗಳಿಗೆ ರಾಹುಲ್ ಟೀಕೆ ಎದುರಿಸಬೇಕಾಯಿತು. ಅದೇ ಡಿಸೆಂಬರಿನಲ್ಲಿ ಸೆಂಚುರಿಯನ್ ಟೆಸ್ಟ್‌ನಲ್ಲಿ ಕೀಪರ್ ಆಗಿದ್ದುಕೊಂಡು 101 ಗಳಿಸಿದರು. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಆರನೆಯ ಕ್ರಮಾಂಕಕ್ಕೆ ಇಳಿದು ಆಡಿ, ಮಾರ್ಚ್ 9ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಅಜೇಯ 34 ಓಟಗಳಿಂದ ಗೆಲುವಿಗೆ ನೆರವಾದರು. ಆರಂಭಿಕನಿಂದ ಆರನೆಯ ಕ್ರಮಾಂಕದವರೆಗೆ ಇಷ್ಟು ಕಡೆ ಸ್ಥಳಾಂತರಗೊಂಡ ದಾಂಡಿಗರು ವಿರಳ.

ಮಹಿಳಾ ಕ್ರಿಕೆಟ್

ಬೆಂಗಳೂರಿನ ಕರುಣಾ ಜೈನ್ ಭಾರತ ಮಹಿಳಾ ತಂಡದ ವಿಕೆಟ್‌ಕೀಪರ್ ಹಾಗೂ ಮೇಲಿನ ಕ್ರಮಾಂಕದ ದಾಂಡಿಗರಾಗಿ 5 ಟೆಸ್ಟ್, 44 ಏಕದಿನ ಪಂದ್ಯಗಳನ್ನು ಆಡಿದರು. 2022ರ ಜುಲೈಯಲ್ಲಿ ನಿವೃತ್ತರಾದರು.

ಇತರ ದ್ವಿಪಾತ್ರಗಳು

ಕೀಪಿಂಗ್ ಅಲ್ಲದಿದ್ದರೂ ಎರಡು ಕೆಲಸಗಳ ಜೋಡಣೆಯ ಪ್ರಸಿದ್ಧ ನಿದರ್ಶನವೊಂದು ದಾವಣಗೆರೆಗೆ ಸೇರಿದೆ. 'ದಾವಣಗೆರೆ ಎಕ್ಸ್‌ಪ್ರೆಸ್' ಎಂದೇ ಖ್ಯಾತರಾದ ಆರ್. ವಿನಯ್ ಕುಮಾರ್ 1984ರ ಫೆಬ್ರವರಿ 12ರಂದು ಈ ನಗರದಲ್ಲಿ ಜನಿಸಿದರು. ಪ್ರಥಮದರ್ಜೆ ಕ್ರಿಕೆಟ್‌ನಲ್ಲಿ 504 ವಿಕೆಟ್ ಪಡೆದ ಅವರು ಮೂಲತಃ ಬೌಲರ್. 2015ರ ಮಾರ್ಚ್‌ನಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ತಮಿಳುನಾಡು ವಿರುದ್ಧದ ರಣಜಿ ಫೈನಲ್‌ನಲ್ಲಿ ನಾಯಕರಾಗಿ ಮೊದಲು 34 ಓಟಕ್ಕೆ 5 ವಿಕೆಟ್ ಕಿತ್ತು ಎದುರಾಳಿಯನ್ನು 134ಕ್ಕೆ ಉರುಳಿಸಿದರು, ಬಳಿಕ ಅಜೇಯ 105 ಗಳಿಸಿದರು. ಕರುಣ್ ನಾಯರ್ 328, ಕೆ. ಎಲ್. ರಾಹುಲ್ 188 ಗಳಿಸಿದ ಆ ಇನ್ನಿಂಗ್ಸ್‌ನಲ್ಲಿ ಕರ್ನಾಟಕ 762 ಓಟ ಪೇರಿಸಿ, ಇನ್ನಿಂಗ್ಸ್ ಮತ್ತು 217 ಓಟಗಳಿಂದ ಗೆದ್ದು ಎಂಟನೆಯ ಬಾರಿ ಟ್ರೋಫಿ ಎತ್ತಿತು.

ಬೇರೆ ಆಟಗಳಲ್ಲಿಯೂ ಇಂತಹ ಮಿಶ್ರಪಾತ್ರಗಳಿವೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿ ನಡೆಸುವ ತಂಡದ ಹನ್ನೊಂದು ಮಂದಿಯಲ್ಲಿ ಕನಿಷ್ಠ ಏಳು ಮಂದಿ ಮುಂಚೂಣಿಯ ಗೆರೆಯಲ್ಲಿ ನಿಲ್ಲಬೇಕು. ಉಳಿದವರು ಅದರ ಹಿಂದಿನ ಜಾಗದಲ್ಲಿ ನಿಲ್ಲುತ್ತಾರೆ. 1980ರ ದಶಕದಲ್ಲಿ ವಾಷಿಂಗ್ಟನ್ ತಂಡದ ತರಬೇತುದಾರ ಜೋ ಗಿಬ್ಸ್ ಸಾಮಾನ್ಯವಾಗಿ ಗೆರೆಯ ತುದಿಯಲ್ಲಿ ನಿಲ್ಲುವ 'ಟೈಟ್ ಎಂಡ್' ಆಟಗಾರನೊಬ್ಬನನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ 'ಎಚ್-ಬ್ಯಾಕ್' ಎಂಬ ಪಾತ್ರವನ್ನು ಬಳಕೆಗೆ ತಂದರು. ನ್ಯೂಯಾರ್ಕ್ ಜೈಂಟ್ಸ್‌ನ ರಕ್ಷಣಾ ಆಟಗಾರ ಲಾರೆನ್ಸ್ ಟೇಲರ್ ಅವರ ನುಗ್ಗಾಟವನ್ನು ತಡೆಯುವುದು ಇದರ ಮುಖ್ಯ ಉದ್ದೇಶವಾಗಿತ್ತು. ಗೆರೆಯ ಹಿಂದಿದ್ದ ಕಾರಣ ಈ ಆಟಗಾರ ಆಟ ಶುರುವಾಗುವ ಮುನ್ನ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಬಹುದಿತ್ತು; ಎದುರಾಳಿಯನ್ನು ತಡೆಯುವನೋ ಚೆಂಡು ಹಿಡಿಯಲು ಓಡುವನೋ ಎಂಬುದು ಕೊನೆಯ ಕ್ಷಣದವರೆಗೂ ಗುಟ್ಟಾಗಿಯೇ ಉಳಿಯುತ್ತಿತ್ತು. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಡೀಬೋ ಸ್ಯಾಮ್ಯುಯೆಲ್ ಚೆಂಡನ್ನು ಹಿಡಿದು 1,405 ಗಜ, ಕೈಯಲ್ಲಿ ಹೊತ್ತು ಓಡಿ 365 ಗಜ ಗಳಿಸಿದ್ದು ಇದೇ ಬಗೆಯ ಮಿಶ್ರಪಾತ್ರದಿಂದ. ಕ್ರಿಕೆಟ್‌ಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ಅಲ್ಲಿ ಮಿಶ್ರಪಾತ್ರದ ಲಾಭ ಎದುರಾಳಿಯನ್ನು ಗೊಂದಲಗೊಳಿಸುವುದರಲ್ಲಿದೆ, ವಿಕೆಟ್‌ಕೀಪರ್-ದಾಂಡಿಗ ಯಾರನ್ನೂ ಗೊಂದಲಗೊಳಿಸುವುದಿಲ್ಲ, ತಂಡಕ್ಕೆ ಒಂದು ಸ್ಥಾನವನ್ನು ಉಳಿಸಿಕೊಡುತ್ತಾನೆ.

ನಿಯಮಗಳಲ್ಲಿ ಬದಲಾವಣೆ

ಬದಲಿ ಆಟಗಾರ ವಿಕೆಟ್‌ಕೀಪಿಂಗ್ ಮಾಡುವುದನ್ನು ಕ್ರಿಕೆಟ್ ನಿಯಮಗಳು ದೀರ್ಘಕಾಲ ನಿಷೇಧಿಸಿದ್ದವು. ಕೀಪರ್ ಗಾಯಗೊಂಡರೆ ಹನ್ನೊಂದರಲ್ಲಿಯೇ ಇನ್ನೊಬ್ಬ ಕೈಗವಸು ತೊಡಬೇಕಿತ್ತು. ಆದ್ದರಿಂದ ಅಲ್ಪಸ್ವಲ್ಪ ಕೀಪಿಂಗ್ ಬಲ್ಲ ದಾಂಡಿಗನಿಗೆ ಹೆಚ್ಚಿನ ಬೆಲೆಯಿತ್ತು. 2017ರಲ್ಲಿ ಜಾರಿಗೆ ಬಂದ ಹೊಸ ನಿಯಮಾವಳಿಯ ಪ್ರಕಾರ ಅಂಪೈರ್‌ಗಳ ಒಪ್ಪಿಗೆ ಇದ್ದರೆ ಬದಲಿ ಆಟಗಾರನೂ ವಿಕೆಟ್ ಕಾಯಬಹುದು.